ಮೇಲಿನ ಸಾಲಿಗೆ ಕೇಳಿಸಬೇಕಿದ್ದ ದನಿ

ಫೆರಿದುನ್ ಹೋಜಾರಿಗೆ ಮೈಕು ಕಂಡರೆ ಆಗುತ್ತಿರಲಿಲ್ಲ. ಈಗಿನ ಗೈಡುಗಳೆಲ್ಲ ಕೊರಳಿಗೊಂದು ಸಣ್ಣ ಯಂತ್ರ ತೂಗುಹಾಕಿಕೊಂಡು, ಅತಿಥಿಗಳ ಕಿವಿಗೊಂದು ಗುಂಡಿ ಸಿಕ್ಕಿಸಿ, ತಮ್ಮಷ್ಟಕ್ಕೆ ಗೊಣಗುತ್ತ ನಡೆಯುತ್ತಾರೆ. ಅವರನ್ನು ಕಂಡಾಗಲೆಲ್ಲ ಹೋಜಾ ನನ್ನ ಕಡೆ ತಿರುಗಿ, "ನೋಡೋ ಸೆಲಾಮಿ, ಹೊಟ್ಟೆನೋವು ಬಂದವರ ಥರ ನರಳ್ತಾ ಹೋಗ್ತಿದಾರೆ," ಎನ್ನುತ್ತಿದ್ದರು. ಟರ್ಕಿಯ ನಮ್ಮ ಸೆಲ್ಚುಕ್ ಊರಿನಲ್ಲಿ ಗೈಡುಗಳನ್ನು ಮೇಷ್ಟ್ರು ಎಂಬ ಅರ್ಥದಲ್ಲಿ ಹೋಜಾ ಎಂದು ಕರೆಯುವುದು ರೂಢಿ. ಆದರೆ ಬರೀ 'ಹೋಜಾ' ಎಂದರೆ ಸಾಕು, ಊರಿನಲ್ಲಿ ಎಲ್ಲರಿಗೂ ಅದು ಫೆರಿದುನ್ ಎಂದು ಗೊತ್ತಾಗುತ್ತಿತ್ತು. ನಾನು ಅವರ ವ್ಯಾನಿನ ಡ್ರೈವರ್. ಅವರು ಮಾತಾಡಿ ಉಂಡರು, ನಾನು ಓಡಿಸಿ ಉಂಡೆ.

ಅವರ ಅಪ್ಪ ಊರ ಪಕ್ಕದ ಹಾಳುಪಟ್ಟಣ ಎಫೆಸಸ್‌ನ ಉತ್ಖನನದಲ್ಲಿ ಬುಟ್ಟಿಯಲ್ಲಿ ಮಣ್ಣು ಹೊತ್ತವನು. ಫೆರಿದುನ್ ಚಿಕ್ಕ ಹುಡುಗನಾಗಿದ್ದಾಗ ಮಧ್ಯಾಹ್ನದ ಬುತ್ತಿ ಒಯ್ಯುವುದು ಅವನ ಪಾಲಿಗೆ ಬಂದಿತ್ತು. ಬಿಸಿಲಿನಲ್ಲಿ ಅಪ್ಪನನ್ನು ಹುಡುಕಿಕೊಂಡು ಅಲೆಯಲಾರದೆ, ಹುಡುಗ ಆ ಹಳೆಯ ಕಲ್ಲಿನ ರಂಗಮಂದಿರದ ನಡುವೆ ನಿಂತು ಅಪ್ಪನ ಹೆಸರು ಹಿಡಿದು ಕರೆಯುತ್ತಿದ್ದನಂತೆ. ಅಪ್ಪ ಎಲ್ಲಿದ್ದರೂ ಕೇಳಿಸಿಕೊಂಡು ಬರುತ್ತಿದ್ದನಂತೆ. ತನ್ನ ದನಿಗೆ ಬೆಲೆಯಿದೆ ಎಂದು ಅಲ್ಲೇ ಗೊತ್ತಾಯಿತು ಎಂದು ಹೋಜಾ ಹೇಳುತ್ತಿದ್ದರು. ಹಡಗಿನಲ್ಲಿ ಬಂದಿಳಿಯುವ ವಿದೇಶಿಯರ ಹಿಂದೆ ಸುತ್ತಿ ಇಂಗ್ಲಿಷ್ ಕಲಿತರು, ಆಮೇಲೆ ಪರೀಕ್ಷೆ ಕಟ್ಟಿ ಗೈಡಿನ ಬಿಲ್ಲೆ ಪಡೆದರು. ಒಂದೇ ದಿನದಲ್ಲಿ ಮೇರಿ ಮಾತೆಯ ಮನೆ, ಎಫೆಸಸ್ ಊರು, ಸಂತ ಜಾನನ ಸಮಾಧಿ, ಮೂರನ್ನೂ ತೋರಿಸಿ ಹಡಗು ಹೊರಡುವ ಮೊದಲು ಅತಿಥಿಗಳನ್ನು ಬಂದರಿಗೆ ಮುಟ್ಟಿಸುವುದು ನಮ್ಮ ಕೆಲಸ. ಇತರರ ಗುಂಪಿನಲ್ಲಿ ನಿಂತವರು ಅರ್ಧಕ್ಕೇ ಬಿಟ್ಟು ಹೋಜಾರ ಕಡೆ ಬಂದು ನಿಲ್ಲುತ್ತಿದ್ದರು, ಅಂಥ ದನಿ. ಉಳಿದ ಗೈಡುಗಳಿಗೆ ಅದು ಕಣ್ಣುರಿ.

ಕಳೆದ ಬೇಸಿಗೆಯಲ್ಲಿ ಆ ದನಿ ಒಡೆಯತೊಡಗಿತು. ಸಿಗರೇಟು ಎಂದರು, ಧೂಳು ಎಂದರು, ಜೇನು ಕುಡಿದರು. ಸೀಸನ್ ಮುಗಿಯುವ ಹೊತ್ತಿಗೆ ಹೆಂಡತಿ ನಿಗಾರ್ ಜಗಳ ಮಾಡಿ ಇಜ್ಮಿರ್‌ನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿಂದ ಬಂದ ಮೇಲೆ ಇಬ್ಬರೂ ಊರಿಗೆ ಏನೂ ಹೇಳಲಿಲ್ಲ.

ಸೀಸನ್ನಿನ ಕೊನೆಯ ಟೂರಿನ ಹಿಂದಿನ ಸಂಜೆ ನಿಗಾರ್ ಅತ್ತಿಗೆ ನಮ್ಮ ಮನೆಗೆ ಬಂದರು. ಕೈಯಲ್ಲಿ ಪಾಲಕ್ ತುಂಬಿದ ಬೋರೆಕ್ಕಿನ ತಟ್ಟೆ ಇತ್ತು. ಅತ್ತಿಗೆ ಸುಮ್ಮಸುಮ್ಮನೆ ಬೋರೆಕ್ ತರುವವರಲ್ಲ, ಹಾಗಾಗಿ ಏನೋ ಕೆಟ್ಟ ಸುದ್ದಿಯಿದೆ ಎಂದು ನನಗೆ ತಟ್ಟೆ ನೋಡಿಯೇ ಗೊತ್ತಾಯಿತು.

"ಗಂಟಲಲ್ಲಿ ಕ್ಯಾನ್ಸರ್, ದನಿಪೆಟ್ಟಿಗೆ ತೆಗೀಬೇಕಂತೆ ಸೆಲಾಮಿ," ಎಂದರು. "ತೆಗೆದ್ರೆ ಜೀವ ಉಳಿಯತ್ತೆ, ದನಿ ಹೋಗತ್ತೆ. ತೆಗೀದಿದ್ರೆ ವರ್ಷ ತುಂಬೋದು ಕಷ್ಟ ಅಂದ್ರು ಡಾಕ್ಟ್ರು."

"ಮತ್ತೆ? ತೆಗೆಸೋದಪ್ಪ. ಇದ್ರಲ್ಲಿ ಯೋಚ್ನೆ ಮಾಡೋದೇನಿದೆ?"

"ಅದನ್ನ ನಿಮ್ಮ ಹೋಜಾಗೆ ಹೇಳು. ನಾಳಿದ್ದಿಗೆ ಆಸ್ಪತ್ರೇಲಿ ಹಾಸಿಗೆ ಕೊಟ್ಟಿದಾರೆ. ಹೋಗ್ಲಿಲ್ಲ ಅಂದ್ರೆ ಬೇರೆಯವರಿಗೆ ಹೋಗತ್ತೆ, ಆಮೇಲೆ ಯಾವಾಗ್ಲೋ. ಕೇಳಿದ್ರೆ, ನಾಳೆ ಟೂರ್ ಮುಗಿಸಿ ಬಂದು ಹೇಳ್ತೀನಿ ಅಂತಾರೆ. ಟೂರಲ್ಲಿ ಏನಿದೆಯೋ ದೇವ್ರಿಗೇ ಗೊತ್ತು. ನಾಳೆ ನೀನು ಅವರನ್ನ ಬಿಟ್ಟು ಕದಲಬೇಡ. ಒಳಗೂ ಹೋಗು."

ಡ್ರೈವರಾದವನು ಒಳಗೆ ಹೋಗುವ ಪದ್ಧತಿ ನಮ್ಮಲ್ಲಿಲ್ಲ. ಎಫೆಸಸ್‌ನ ಮೇಲಿನ ಗೇಟಿನಲ್ಲಿ ಅತಿಥಿಗಳನ್ನು ಇಳಿಸಿ, ಗುಡ್ಡ ಬಳಸಿ ಕೆಳಗಿನ ಗೇಟಿಗೆ ವ್ಯಾನು ತಂದು, ಚಹಾ ಕುಡಿಯುತ್ತ ಕಾಯುವುದು ನಮ್ಮ ಪಾಡು. ಇಷ್ಟು ವರ್ಷ ಈ ಕಸುಬು ಮಾಡಿಯೂ ನಾನು ಆ ಊರಿನ ಎರಡು ಗೇಟು ಕಂಡವನೇ ಹೊರತು ನಡುವಿನ ಊರು ಕಂಡವನಲ್ಲ. ಒಳಗೆ ಹೋದರೂ ಬಾಯಿ ಬಿಡುವಂತಿಲ್ಲ. ಬಿಲ್ಲೆಯಿಲ್ಲದವನು ಅತಿಥಿಗೆ ಒಂದು ಕಲ್ಲು ತೋರಿಸಿ ಮಾತಾಡಿದರೂ ದಂಡ. ಹಾಗಾಗಿ ಗೈಡು ಮಾತಾಡುವಾಗ ಡ್ರೈವರಿಗೆ ನಾಲಿಗೆಯಿಲ್ಲ ಎಂಬುದು ನಮಗೆಲ್ಲ ರಕ್ತಕ್ಕೇ ಇಳಿದುಹೋಗಿದೆ. ಆದರೂ ಅತ್ತಿಗೆಗೆ ಆಗಲಿ ಎಂದೆ. ಕೆಳಗಿನ ಗೇಟಿಗೆ ವ್ಯಾನು ತರಲು ಬಾಮೈದನನ್ನು ಗೊತ್ತುಮಾಡಿದೆ.

ಬೆಳಿಗ್ಗೆ ಕುಶಾದಸಿ ಬಂದರಿಗೆ ಹೋಗುವ ದಾರಿಯಲ್ಲಿ ಹೋಜಾ ತಾವಾಗಿಯೇ ಮಾತು ತೆಗೆದರು. ಇಸ್ತ್ರಿ ಮಾಡಿದ ಅಂಗಿ, ನುಣ್ಣಗೆ ಬೋಳಿಸಿದ ಗಡ್ಡ. ದನಿ ಮಾತ್ರ ಮರಳಿನ ಮೇಲೆ ಎಳೆದ ಚೀಲದಂತಿತ್ತು.

"ನಿಗಾರ್ ಬಂದಿದ್ಲಲ್ಲ ನಿಮ್ಮನೆಗೆ. ಬೋರೆಕ್ ಚೆನ್ನಾಗಿತ್ತಾ?"

"ಉಪ್ಪು ಜಾಸ್ತಿ," ಎಂದೆ.

"ಕೇಳು. ಇವತ್ತು ರಂಗಮಂದಿರದ ನಡುವೆ ನಿಂತು ಯಾವಾಗಿನ ಹಾಗೇ ಮಾತಾಡ್ತೀನಿ. ಅತಿಥಿಗಳನ್ನ ಮೇಲಿನ ಸಾಲಲ್ಲಿ, ಮುಂದೆ ಹತ್ತಬಾರದು ಅಂತ ಹಗ್ಗ ಕಟ್ಟಿರೋ ಕಡೆ ಕೂರಿಸ್ತೀನಿ. ಅವರಿಗೆ ಕೇಳಿಸಿದ್ರೆ ನಾನು ಇಜ್ಮಿರ್‌ಗೆ ಹೋಗಲ್ಲ. ದನಿ ಇರೋಷ್ಟು ದಿನ ಇರ್ತೀನಿ, ಆಮೇಲೆ ಮಣ್ಣಿಗೆ ಹೋಗ್ತೀನಿ. ಕೇಳಿಸ್ಲಿಲ್ಲ ಅಂದ್ರೆ ಡಾಕ್ಟ್ರು ಏನು ಬೇಕಾದ್ರೂ ಕುಯ್ಕೊಳ್ಳಲಿ."

"ಇದೇನು ಹೋಜಾ, ಜೀವ ಇಟ್ಟು ಜೂಜಾಡೋದು?"

"ಗಂಟಲಿಗೆ ತೂತು ಮಾಡ್ಕೊಂಡು, ಮಫ್ಲರ್ ಸುತ್ಕೊಂಡು, ಚಹಾದಂಗಡಿ ಮೂಲೇಲಿ ಕೂರೋದು ಜೀವ ಅನ್ನೋದಾದ್ರೆ ಅದನ್ನ ನೀನೇ ಇಟ್ಕೋ," ಎಂದರು.

ನನಗೆ ರೇಗಿಹೋಯಿತು. ಆದರೆ ಒಳಗೊಳಗೇ ಸ್ವಲ್ಪ ಸಮಾಧಾನವೂ ಆಯಿತು. ಪಕ್ಕದ ಸೀಟಿನಲ್ಲಿದ್ದ ನನಗೇ ಅರ್ಧ ಮಾತು ಕೇಳಿಸುತ್ತಿರಲಿಲ್ಲ, ಇನ್ನು ಮೇಲಿನ ಸಾಲಿಗೆ ಎಲ್ಲಿಂದ ಕೇಳಿಸಬೇಕು? ಇಜ್ಮಿರ್‌ಗೆ ಹೋಗುವುದು ಖಂಡಿತ ಎಂದುಕೊಂಡೆ.

ಅತಿಥಿಗಳು ಇಬ್ಬರೇ. ಫಿಲಿಪ್ಪೀನ್ಸಿನ ಮಿಲಾಗ್ರೋಸ್ ಎಂಬ ಮುದುಕಿ, ಜೊತೆಗೆ ಮಗಳು ರೊವೆನಾ. ಮುದುಕಿಗೆ ಕೈಯಲ್ಲಿ ಜಪಮಾಲೆ, ಕಾಲಲ್ಲಿ ಗಂಟುನೋವು, ಮುಖದ ತುಂಬ ನಗು. ಹೋಜಾ ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಿದ್ದಳು. ಇಂಥ ಅತಿಥಿ ಸಿಕ್ಕರೆ ಯಾವ ಗೈಡಿಗೂ ಹಬ್ಬ.

ಮೊದಲು ಬೆಟ್ಟದ ಮೇಲಿನ ಮೇರಿ ಮಾತೆಯ ಮನೆಗೆ ಹೋದೆವು. ಒಳಗೆ ಯಾರೂ ಮಾತಾಡುವಂತಿಲ್ಲ, ಅದಕ್ಕೆ ಗೈಡುಗಳು ಹೊರಗೆ ಮರದಡಿಯೇ ಕಥೆ ಹೇಳಿ ಮುಗಿಸುತ್ತಾರೆ. ಮಗನನ್ನು ಕಳೆದುಕೊಂಡ ತಾಯಿಯನ್ನು, ಅವನ ಗೆಳೆಯ ಜಾನ ಸ್ವಂತ ತಾಯಿಯೆಂದು ತಿಳಿದು ಸಮುದ್ರ ದಾಟಿಸಿ ಇಲ್ಲಿಗೆ ಕರೆತಂದು ಸಾಕಿದ ಕಥೆ. ಹೋಜಾ ಮುದುಕಿಯ ಹತ್ತಿರ ಬಗ್ಗಿ, ನಡುನಡುವೆ ನೀರು ಕುಡಿಯುತ್ತ ಹೇಳಿದರು. ಮುದುಕಿ ಕಣ್ಣೊರೆಸಿಕೊಂಡಳು. ಆಮೇಲೆ ಹರಕೆಯ ಗೋಡೆಗೆ ಹೋಗಿ ತನ್ನ ಕರವಸ್ತ್ರ ಕಟ್ಟಿದಳು, ಇನ್ನೊಂದು ತುಂಡು ಬಟ್ಟೆಯನ್ನು ಹೋಜಾರ ಕೈಗೆ ಕೊಟ್ಟು, ನೀವೂ ಕಟ್ಟಿ ಎಂದಳು.

"ನಾವು ಗೈಡುಗಳು ಕಟ್ಟಲ್ಲ ತಾಯಿ," ಎಂದರು ಹೋಜಾ. "ಈ ಗೋಡೆ ನಿಮ್ಮಂಥವರದು."

ಅವರು ಬಟ್ಟೆಯನ್ನು ಅಲ್ಲೇ ಇಟ್ಟು ಅತ್ತ ಹೋದ ಮೇಲೆ ನಾನು ಅದನ್ನೇ ತೆಗೆದುಕೊಂಡು ಕಟ್ಟಿದೆ. ನಾವು ಮುಸಲ್ಮಾನರು. ಆದರೆ ಮೇರಿ ಮಾತೆ ನಮಗೂ ಮೆರ್ಯೆಮ್ ಅಮ್ಮ, ಅವಳ ಹತ್ತಿರ ಕೇಳಿಕೊಳ್ಳಲು ನಮ್ಮ ಹೆಂಗಸರು ಯಾವತ್ತೂ ಹಿಂದೆಮುಂದೆ ನೋಡಿದವರಲ್ಲ, ನಾನೂ ನೋಡಲಿಲ್ಲ. ಹೋಜಾರ ದನಿ ಇವತ್ತು ಮೇಲಿನ ಸಾಲಿಗೆ ಕೇಳಿಸದಿರಲಿ ಎಂದು ಬೇಡಿಕೊಂಡೆ. ಒಬ್ಬ ಗೈಡಿನ ದನಿ ಅಡಗಲಿ ಎಂದು ಡ್ರೈವರೊಬ್ಬ ಹರಕೆ ಹೊತ್ತಿದ್ದು ಆ ಗೋಡೆಯ ಮುಂದೆ ಅದೇ ಮೊದಲಿರಬೇಕು.

ಹಿಂದಿರುಗಿ ನೋಡಿದರೆ ಹೋಜಾ ನಿಂತಿದ್ದರು. "ಏನು ಕೇಳ್ಕೊಂಡೆ?"

"ವ್ಯಾನಿಗೆ ಹೊಸ ಟೈರು."

"ಅಷ್ಟು ದೊಡ್ಡದೆಲ್ಲ ಕೇಳಬಾರದು. ಅವಳೂ ಬಡವಿ," ಎಂದು ನಕ್ಕರು. ನಗುವಿನ ಕೊನೆಗೆ ಕೆಮ್ಮು ಬಂದು ಮರ ಹಿಡಿದು ನಿಲ್ಲಬೇಕಾಯಿತು. ಕೆಮ್ಮಿದ ಕರವಸ್ತ್ರವನ್ನು ನನಗೆ ಕಾಣದಂತೆ ಮಡಚಿ ಜೇಬಿಗಿಟ್ಟರು. ಅದರಲ್ಲಿದ್ದ ರಕ್ತ ನನಗೆ ಕಂಡಿತ್ತು.

ಎಫೆಸಸ್‌ನ ಕಲ್ಲುದಾರಿ ಇಳಿಯುತ್ತ ಅವರು ಕಂಬಗಳನ್ನು, ಸ್ನಾನದ ಮನೆಗಳನ್ನು ತೋರಿಸಿದರು. ಹೆಚ್ಚೆಲ್ಲ ಕೈಯಲ್ಲೇ ತೋರಿಸಿದರು, ದನಿಯನ್ನು ಮುಂದಕ್ಕೆಂದು ಜತನ ಮಾಡಿಕೊಳ್ಳುತ್ತಿದ್ದರು. ಅವರನ್ನು ಹಾದುಹೋದ ಗೈಡುಗಳಲ್ಲಿ ಒಬ್ಬ, "ಏನು ಹೋಜಾ, ಕಡೆಗೂ ನೀವೂ ಪಿಸುಗುಡೋಕೆ ಶುರು ಮಾಡಿದ್ರಾ?" ಎಂದು ಕೆಣಕಿದ. ಹೋಜಾ ಮುಂದಿನ ಕಂಬದ ಕಡೆ ಕೈ ತೋರಿಸಿದರು. ಬಾಯಿಗೆ ಬಾಯಿ ಕೊಡದೆ ಅವರು ಸುಮ್ಮನಿದ್ದುದನ್ನು ನಾನು ಕಂಡಿದ್ದೇ ಆವತ್ತು.

ರಂಗಮಂದಿರಕ್ಕೆ ಬಂದಾಗ ಬಿಸಿಲು ನೆತ್ತಿಗೇರಿತ್ತು. ಹಳೆಯ ಕಾಲದಲ್ಲಿ ಪೌಲ ಎಂಬ ಸಂತನ ಮೇಲೆ ಸಿಟ್ಟಿಗೆದ್ದು ಊರಿನವರೆಲ್ಲ ಸೇರಿ ತಮ್ಮ ಆರ್ತೆಮಿಸ್ ದೇವಿಗೆ ಜಯಕಾರ ಕೂಗಿದ್ದು ಇಲ್ಲೇ. ಹೋಜಾ ಅತಿಥಿಗಳನ್ನು ಮೇಲೆ ಕೂರಿಸಿ, ನಡುವೆ ನಿಂತು ಅದೇ ಜಯಕಾರವನ್ನು ಹೇಳುತ್ತಿದ್ದರು. ಕೂಗುತ್ತಿರಲಿಲ್ಲ, ಪಕ್ಕದಲ್ಲಿ ಕೂತವರಿಗೆ ಹೇಳುವ ಹಾಗೆ ಹೇಳುತ್ತಿದ್ದರು. ಅದು ಮೇಲಿನವರ ಕಿವಿಗೆ ಬಂದು ತಾಗಿದಾಗ ಜನ ಬೆಚ್ಚಿ ಚಪ್ಪಾಳೆ ತಟ್ಟುತ್ತಿದ್ದರಂತೆ.

ಮುದುಕಿಯ ಒಂದು ತೋಳು ಮಗಳು ಹಿಡಿದಳು, ಇನ್ನೊಂದು ನಾನು ಹಿಡಿದೆ. ಆ ಕಾಲಿನಲ್ಲಿ ಅಷ್ಟು ಎತ್ತರ ಹತ್ತಿದ್ದು ಹೋಜಾರ ಮೇಲಿನ ಗೌರವಕ್ಕೇ. ಹಗ್ಗದ ಹತ್ತಿರದ ಸಾಲಿನಲ್ಲಿ ಕೂತೆವು. ರೊವೆನಾ ವಿಡಿಯೋ ತೆಗೆಯಲು ಫೋನು ಎತ್ತಿ ಹಿಡಿದಳು. ಗಾಳಿ ಬೀಸುತ್ತಿತ್ತು. ಕೆಳಗೆ ಹೋಜಾ ನಿಂತ ಜಾಗ ನೋಡಿಕೊಂಡು, ಅಂಗಿ ಸರಿಮಾಡಿಕೊಂಡು, ಎರಡೂ ಕೈ ಎತ್ತಿದರು. ಬಾಯಿ ತೆರೆಯಿತು, ತುಟಿ ಆಡಿತು. ಕತ್ತಿನ ನರ ಉಬ್ಬಿದ್ದು ಅಷ್ಟು ದೂರದಿಂದಲೂ ಕಾಣುತ್ತಿತ್ತು.

ಏನೂ ಕೇಳಿಸಲಿಲ್ಲ. ನಾನು ಉಸಿರು ಹಿಡಿದು ಕೂತಿದ್ದೆ, ಗಾಳಿಯ ಸದ್ದು ಬಿಟ್ಟರೆ ಬೇರೇನೂ ಬರಲಿಲ್ಲ. ಅವರು ಎರಡನೆಯ ಸಲ ಹೇಳಿದರು, ಆಗಲೂ ಇಲ್ಲ. ನನ್ನ ಹರಕೆ ಫಲಿಸಿತ್ತು, ಆದರೂ ನನಗೆ ಅಳು ಬಂತು. ಅಂಥ ಮನುಷ್ಯ ಬಾಯಿ ತೆರೆದರೆ ಬರೀ ಗಾಳಿ ಬರುವುದನ್ನು ನೋಡುವುದು ಯಾರಿಗೂ ಬೇಡ.

ಮುದುಕಿ ಎದ್ದು ನಿಂತು ಚಪ್ಪಾಳೆ ತಟ್ಟಿದಳು.

ಕೆಳಗಿಳಿದು ಬಂದಾಗ ಹೋಜಾ ಬೆವರುತ್ತಿದ್ದರು. "ಕೇಳಿಸ್ತಾ ತಾಯಿ?" ಎಂದರು.

"ಕೇಳಿಸ್ತು ಮಗಾ, ಚೆನ್ನಾಗಿ ಕೇಳಿಸ್ತು."

"ನಾನು ಏನಂದೆ?"

"ಆರ್ತೆಮಿಸ್ ದೇವಿಗೆ ಜಯಕಾರ ಹಾಕಿದ್ರಿ. ಆವತ್ತು ಪೌಲನ ಎದುರು ಜನ ಹಾಕಿದ ಹಾಗೇ."

ಚರ್ಚಿಗೆ ಹೋಗುವ ಯಾವ ಮುದುಕಿಗಾದರೂ ಆ ಕಥೆ ಬಾಯಿಪಾಠ. ಈ ಜಾಗದಲ್ಲಿ ನಿಂತವರು ಬೇರೇನು ಹೇಳುತ್ತಾರೆ? ಅಷ್ಟು ಹೋಜಾರಿಗೆ ಹೊಳೆಯಬೇಡವೇ? ಹೊಳೆಯಲಿಲ್ಲ, ಹೊಳೆಯುವುದು ಬೇಕಾಗಿರಲಿಲ್ಲ. ಮುಖ ಅರಳಿ ಮದುಮಗನ ಮುಖವಾಯಿತು. ನಾನು ಮುದುಕಿಯ ಬೆನ್ನ ಹಿಂದೆ ನಿಂತು ಇಲ್ಲ, ಇಲ್ಲ ಎಂದು ತಲೆಯಾಡಿಸಿದೆ. ಅವರು ನನ್ನ ಕಡೆ ನೋಡಲೇ ಇಲ್ಲ. ಬಾಯಿಬಿಟ್ಟು ಹೇಳುವುದು ಹೇಗೆ? ಗೈಡಿನ ಮುಂದೆ ಡ್ರೈವರು ಮಾತಾಡುವುದು ಹೇಗೂ ಇಲ್ಲ, ಅದರ ಮೇಲೆ ಮನೆಗೆ ಬಂದ ಅತಿಥಿಯನ್ನು, ಅದೂ ತಾಯಿಯ ವಯಸ್ಸಿನವಳನ್ನು, ಎದುರಿಗೇ ಸುಳ್ಳಿ ಎನ್ನುವುದೇ? ನಮ್ಮ ಕಡೆ ಹುಟ್ಟಿದ ಯಾರಿಂದಲೂ ಅದಾಗದು. ಬಂದರು ಮುಟ್ಟಲಿ, ಅತಿಥಿಗಳು ಇಳಿಯಲಿ, ಆಮೇಲೆ ಇವರನ್ನು ಹಿಡಿದು ಹೇಳುತ್ತೇನೆ ಎಂದುಕೊಂಡೆ.

ಊಟಕ್ಕೆ ಕೂತಾಗ ಹೋಜಾ ಎಲ್ಲರಿಗೂ ಕಡ್ಡಿಯಲ್ಲಿ ಸುಟ್ಟ ಮಾಂಸ ಹೇಳಿದರು, ತಾವು ಮಾತ್ರ ಮೊಸರಿನ ಸೂಪನ್ನೂ ನುಂಗಲಾರದೆ ಬಟ್ಟಲು ಸರಿಸಿದರು. ಸಂತ ಜಾನನ ಸಮಾಧಿಯ ಹತ್ತಿರ ಸ್ವಲ್ಪ ಹೊತ್ತು ದನಿ ಪೂರ್ತಿ ಕೈಕೊಟ್ಟಿತು. ಚಪ್ಪಡಿ ತೋರಿಸಿ, ಎದೆಯ ಮೇಲೆ ಕೈಯಿಟ್ಟು ನಿಂತರು. ಮುದುಕಿ ಮೊಣಕಾಲೂರಿ ಪ್ರಾರ್ಥನೆ ಮಾಡಿದಳು. ಅದನ್ನೂ ಅವರು ಒಳ್ಳೆಯದಾಗಿಯೇ ತೆಗೆದುಕೊಂಡರು, ಪ್ರಾರ್ಥನೆಗೆ ಅಡ್ಡಿಯಾಗಬಾರದೆಂದು ತಾವೇ ಸುಮ್ಮನಾದದ್ದು ಎಂದು ಆಮೇಲೆ ಹೇಳಿದರು.

ಬಂದರಿನಲ್ಲಿ ಮುದುಕಿ ಹೋಜಾರ ಎರಡೂ ಕೈ ಹಿಡಿದು ಹರಸುತ್ತಿದ್ದಾಗ ರೊವೆನಾ ನನ್ನ ಬಳಿ ಬಂದಳು. ನನ್ನ ಅರ್ಧಂಬರ್ಧ ಇಂಗ್ಲಿಷಿಗೆ ತಕ್ಕ ಹಾಗೆ ನಿಧಾನವಾಗಿ ಹೇಳಿದಳು. "ಅಮ್ಮನಿಗೆ ಕಿವಿ ಅಷ್ಟಾಗಿ ಕೇಳಲ್ಲ. ಅಲ್ಲಿ ನಿಮಗೆಲ್ಲ ಕೇಳಿಸ್ತು, ತನಗೆ ಮಾತ್ರ ಕೇಳಿಸ್ಲಿಲ್ಲ ಅಂದ್ಕೊಂಡ್ರು ಪಾಪ. ಅಷ್ಟು ಕಷ್ಟಪಟ್ಟವರ ಮನಸ್ಸು ನೋಯಿಸೋದು ಬೇಡ ಅಂತ ಹಾಗಂದ್ರು. ನಾನೂ ಸುಮ್ಮನಿದ್ದೆ. ತಪ್ಪಾಯ್ತಾ?"

ಏನು ಹೇಳಲಿ ಅವಳಿಗೆ? ಇಲ್ಲಮ್ಮ, ಏನೂ ತಪ್ಪಿಲ್ಲ ಎಂದೆ.

ವ್ಯಾನು ಬಂದರು ದಾಟಿದ್ದೇ ತಡ, ಎಲ್ಲ ಹೇಳಿದೆ. "ಹೋಜಾ, ಆಣೆ ಮಾಡಿ ಹೇಳ್ತೀನಿ, ಮೇಲೆ ಒಂದಕ್ಷರ ಬರ್ಲಿಲ್ಲ. ಆ ಯಮ್ಮನಿಗೆ ಕಿವಿನೇ ಕೇಳ್ಸಲ್ವಂತೆ. ಮಗಳೇ ಹೇಳಿದ್ಲು."

ಅವರು ಕಿಟಕಿಯಾಚೆಯ ಕಿತ್ತಳೆ ತೋಟ ನೋಡುತ್ತಿದ್ದರು. "ಕಿವಿ ಕೇಳದವರಿಗೇ ಕೇಳಿಸಿದೆ ಅಂದ್ರೆ ನನ್ನ ದನಿ ಹೆಂಗಿರಬೇಕು ನೋಡು," ಎಂದರು.

"ನನ್ನ ಕಿವಿ ಚೆನ್ನಾಗಿದೆಯಲ್ಲ? ನಂಗೆ ಕೇಳಿಸ್ಲಿಲ್ಲ."

"ನೀನು ನಿಗಾರ್ ಕಡೆಯವನು. ಅವಳೇ ಕಳಿಸಿದ್ದಲ್ವಾ ನಿನ್ನ? ಈ ಕಸುಬಿಗೆ ಬಂದಾಗಿಂದ ಅತಿಥಿ ಮಾತು ನಂಬಿ ಬದುಕಿದೀನಿ ಸೆಲಾಮಿ. ಈಗ ಡ್ರೈವರ್ ಮಾತು ಕೇಳು ಅಂತೀಯಾ?"

ನಾನು ರಸ್ತೆಯ ಪಕ್ಕ ಗಾಡಿ ನಿಲ್ಲಿಸಿ ಬೇಡಿಕೊಂಡೆ, ಬೈದೆ, ಅತ್ತೆ ಕೂಡ. ಅವರು ನನ್ನ ಹೆಗಲು ತಟ್ಟಿ, ನಡೀಪ್ಪಾ ಹೊತ್ತಾಯ್ತು ಎಂದರು. ಮನೆಯ ಬಾಗಿಲಲ್ಲಿ ಅತ್ತಿಗೆ ಆಸ್ಪತ್ರೆಗೆಂದು ಚೀಲ ಕಟ್ಟಿಟ್ಟು ನಿಂತಿದ್ದರು. ಹೋಜಾ ಚೀಲದ ಕಡೆ ನೋಡಿ, ಬಿಚ್ಚು ಎಂದು ಕೈಸನ್ನೆ ಮಾಡಿ ಒಳಗೆ ಹೋದರು. ಅತ್ತಿಗೆ ಆ ರಾತ್ರಿಯಿಡೀ ಜಗಳವಾಡಿದರಂತೆ. ಬೆಳಗಾಯಿತು, ಹಾಸಿಗೆ ಬೇರೆಯವರಿಗೆ ಹೋಯಿತು.

ದನಿ ಇರುವಷ್ಟು ದಿನ ಇರುತ್ತೇನೆ ಎಂದಿದ್ದರಲ್ಲ, ಅದೂ ನಡೆಯಲಿಲ್ಲ. ನವೆಂಬರಿನಲ್ಲೇ ದನಿ ಪೂರ್ತಿ ನಿಂತಿತು, ಮನುಷ್ಯ ಉಳಿದ. ಆಗ ಅತ್ತಿಗೆಯ ಜೊತೆ ಸೇರಿ ಎತ್ತಿಕೊಂಡೇ ಇಜ್ಮಿರ್‌ಗೆ ಒಯ್ದೆ. ಕತ್ತಿನ ಆಚೆಗೂ ಹರಡಿದೆ, ಇನ್ನು ಕೈ ಹಾಕಿ ಪ್ರಯೋಜನವಿಲ್ಲ ಎಂದರು ಡಾಕ್ಟರು.

ಕ್ರಿಸ್ಮಸ್ ಕಳೆದ ಒಂದು ಮಧ್ಯಾಹ್ನ ನಾನು ಅವರ ಹಾಸಿಗೆಯ ಪಕ್ಕ ಕೂತಿದ್ದಾಗ ಹೋಜಾರ ಫೋನಿಗೆ ರೊವೆನಾಳಿಂದ ಶುಭಾಶಯ ಬಂತು. ಜೊತೆಗೊಂದು ವಿಡಿಯೋ ಇತ್ತು, ಮೇಲಿನ ಸಾಲಿನಿಂದ ತೆಗೆದದ್ದು. ಹೋಜಾ ಕೈಯಾರೆ ಫೋನು ಹಿಡಿದು ನೋಡಿದರು. ಕೆಳಗೆ ಚಿಕ್ಕದಾಗಿ ಅವರೇ ಕೈಯೆತ್ತಿ ನಿಂತಿದ್ದರು, ಗಾಳಿ ಬೀಸುತ್ತಿತ್ತು. ಜೋರು ಮಾಡು ಎಂದು ನನಗೆ ಸನ್ನೆ ಮಾಡಿದರು.

"ಇಷ್ಟೇ ಹೋಜಾ. ಪೂರ್ತಿ ಜೋರಾಗೇ ಇದೆ," ಎಂದೆ.

ಅವರು ಮತ್ತೊಮ್ಮೆ ನೋಡಿದರು. ನನ್ನ ಮಾತು ನಿಜವಾದದ್ದಕ್ಕೆ ನಾನು ಅಷ್ಟು ಸಂಕಟಪಟ್ಟಿದ್ದು ಬೇರೆ ಯಾವತ್ತೂ ಇಲ್ಲ.

ಅತ್ತಿಗೆ ಒಳಗಿಂದ ಬಂದವರು ಫೋನು ತೆಗೆದುಕೊಂಡು ಕಿವಿಗೆ ಹಿಡಿದರು. ನನ್ನ ಮುಖ ನೋಡಿದರು, ಗಂಡನ ಮುಖ ನೋಡಿದರು. ಆಮೇಲೆ ಹಾಸಿಗೆಯ ಅಂಚಿನಲ್ಲಿ ಕೂತರು. ಬೈಗುಳಕ್ಕೆ ಕಿವಿ ಗಟ್ಟಿಮಾಡಿಕೊಂಡೆ, ಆದರೆ ಅವರ ಮಾತು ಮೆಲ್ಲಗೇ ಬಂತು.

"ಇದನ್ನ ಉಳಿಸ್ಕೊಳ್ಳೋಕಾ ನೀವು ನನ್ನ ಕೈಲಿ ಚೀಲ ಬಿಚ್ಚಿಸಿದ್ದು? ನಿಮ್ಮ ದನಿ ನಂಗೆ ಯಾವತ್ತು ಸಿಕ್ಕಿತ್ತು ಹೇಳಿ. ದಿನವೆಲ್ಲ ಕಂಡಕಂಡವರ ಹತ್ರ ಮಾತಾಡಿ ಬಂದು, ಸಾಕಾಗಿದೆ ನಿಗಾರ್ ಅಂತ ಕೈ ಆಡ್ಸಿ ಊಟಕ್ಕೆ ಕೂರ್ತಿದ್ರಿ. ಉಪ್ಪು ಬೇಕಾದ್ರೂ ಬೆರಳು ತೋರಿಸ್ತಿದ್ರಿ. ಮದುವೆಯಾದಾಗಿಂದ ನಾನು ಬಾಳಿದ್ದು ಮೂಕನ ಜೊತೆಗೇ. ಚೆನ್ನಾಗೇ ಬಾಳಿದೀನಿ. ಇನ್ನೂ ಇಪ್ಪತ್ತು ವರ್ಷ ಹಾಗೇ ಬಾಳ್ತಿದ್ದೆ. ಒಂದ್ ಸಲ ನನ್ನ ಕೇಳಬಾರದಿತ್ತಾ?"

ಹೋಜಾ ಅವರನ್ನೇ ನೋಡಿದರು. ಆಮೇಲೆ ಬಾಯಿ ತೆರೆದರು. ತುಟಿ ಆಡಿತು, ಕತ್ತಿನ ನರ ಉಬ್ಬಿತು. ಅತ್ತಿಗೆ ಬಗ್ಗಿ ಅವರ ಬಾಯಿಗೆ ಕಿವಿಕೊಟ್ಟು ಬಹಳ ಹೊತ್ತು ಕಾದರು. ಅವರು ಏನು ಹೇಳಬೇಕೆಂದಿದ್ದರೋ ಅತ್ತಿಗೆಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ.